ಕ್ಲಿಫ್ ರಿಚರ್ಡ್ ರೆಕಾರ್ಡುಗಳನ್ನು ಕೂಡಿಸುವ ಮತ್ತು ವಿಂಗಡಿಸುವ ಬಗೆ

1940ರ ಅಕ್ಟೋಬರ್ 14ರಂದು ಲಕ್ನೋದಲ್ಲಿ ಹ್ಯಾರಿ ರಾಜರ್ ವೆಬ್ ಎಂಬ ಹೆಸರಿನಿಂದ ಹುಟ್ಟಿ, 1948ರಲ್ಲಿ ಮನೆಯವರೊಂದಿಗೆ ಹಡಗು ಹತ್ತಿ ಇಂಗ್ಲೆಂಡಿಗೆ ಹೋದ ಪಾಪ್ ಗಾಯಕ ಕ್ಲಿಫ್ ರಿಚರ್ಡ್ ಅವರ ಮೊದಲ ರೆಕಾರ್ಡು ಹೊರಬಂದದ್ದು 1958ರಲ್ಲಿ. 2013ರಲ್ಲಿ ಬಂದ 'ದಿ ಫ್ಯಾಬ್ಯುಲಸ್ ರಾಕ್ ಅಂಡ್ ರೋಲ್ ಸಾಂಗ್‌ಬುಕ್' ಅವರ ನೂರನೆಯ ಆಲ್ಬಮ್ ಎಂದು ಪ್ರಚಾರ ಪಡೆಯಿತು. ಆ ನೂರರಲ್ಲಿ ಸ್ಟುಡಿಯೋದಲ್ಲಿ ಹಾಡಿದವು, ಸಿನಿಮಾದವು, ಸಭೆಯಲ್ಲಿ ಹಾಡಿದವು, ಹಳೆಯ ಹಾಡುಗಳನ್ನೇ ಮತ್ತೆ ಒಟ್ಟುಗೂಡಿಸಿದ ಸಂಕಲನಗಳು ಎಲ್ಲವೂ ಸೇರಿವೆ. ಕಣ್ಣಿಗೆ ಬಿದ್ದದ್ದನ್ನೆಲ್ಲ ಕೊಳ್ಳುತ್ತ ಹೋದರೆ ಕಪಾಟು ತುಂಬುತ್ತದೆ, ಹಾಡುಗಳು ಮಾತ್ರ ಅವೇ ಇರುತ್ತವೆ. ನಾನೇ ಮೂರು ಬೇರೆ ಬೇರೆ ಹೊದಿಕೆಗಳ ಅಂದಕ್ಕೆ ಮರುಳಾಗಿ, ಹೆಚ್ಚುಕಡಿಮೆ ಒಂದೇ ಹದಿನಾಲ್ಕು ಹಾಡುಗಳನ್ನು ಮೂರು ಸಲ ದುಡ್ಡು ಕೊಟ್ಟು ಮನೆಗೆ ತಂದಿದ್ದೇನೆ.

ಆದುದರಿಂದ ಕೊಳ್ಳುವ ಮೊದಲು ಒಂದು ನೋಟ್‌ಬುಕ್ ಇಟ್ಟುಕೊಳ್ಳಬೇಕು. ಅದರಲ್ಲಿ ಆಲ್ಬಮ್ಮಿಗೊಂದು ಸಾಲಿನ ಬದಲು ಧ್ವನಿಮುದ್ರಣಕ್ಕೊಂದು ಸಾಲು ಬರೆಯುವುದು ಮುಖ್ಯ. ಹಾಡಿನ ಹೆಸರು, ಮೊದಲು ಹೊರಬಂದ ವರ್ಷ, ಜೊತೆಗೆ ನುಡಿಸಿದವರು, ಸ್ಟುಡಿಯೋದಲ್ಲಿ ಹಾಡಿದ್ದೋ ಜನರ ಮುಂದೆ ಹಾಡಿದ್ದೋ, ಮೊನೋ (ಒಂದೇ ವಾಹಿನಿಯ ಧ್ವನಿ) ಅಥವಾ ಸ್ಟೀರಿಯೋ (ಎಡಬಲ ಎರಡು ವಾಹಿನಿಯ ಧ್ವನಿ), ಕೊನೆಯಲ್ಲಿ ಅದು ಸಿಗುವ ಪ್ಲೇಟುಗಳು, ಇಷ್ಟಿದ್ದರೆ ಸಾಕು. 'ಮೂವ್ ಇಟ್' ಹಾಡನ್ನೇ ನೋಡಿ. 1958ರಲ್ಲಿ ಇದು ಪ್ಲೇಟಿನ ಹಿಂಬದಿಯ ಹಾಡಾಗಿ ಬರಬೇಕಾಗಿದ್ದು, ಕಡೆಗೆ ಅದೇ ಮುಂದಾಗಿ ಗೆದ್ದಿತು. 1959ರ ಏಪ್ರಿಲ್‌ನಲ್ಲಿ ಬಂದ ಮೊದಲ ಎಲ್‌ಪಿ (ಹಲವು ಹಾಡುಗಳ ದೊಡ್ಡ ಪ್ಲೇಟು) 'ಕ್ಲಿಫ್'ನಲ್ಲಿಯೂ ಇದೇ ಹಾಡಿದೆ. ಆದರೆ ಆ ಎಲ್‌ಪಿಯನ್ನು ಲಂಡನ್ನಿನ ಆಬಿ ರೋಡ್ ಸ್ಟುಡಿಯೋದಲ್ಲಿ ಆಹ್ವಾನಿತ ಪ್ರೇಕ್ಷಕರನ್ನು ಕೂರಿಸಿಕೊಂಡು ಮುದ್ರಿಸಿದ್ದರಿಂದ ಹಾಡಿನ ಹಿಂದೆ ಅಭಿಮಾನಿಗಳ ಕಿರುಚಾಟವೂ ಕೇಳುತ್ತದೆ. 2006ರ 'ಟೂಸ್ ಕಂಪನಿ'ಯಲ್ಲಿ ಕ್ವೀನ್ ತಂಡದ ಬ್ರಯನ್ ಮೇ ಅವರ ಗಿಟಾರಿನೊಂದಿಗೆ ಅದು ಮತ್ತೊಮ್ಮೆ ಹೊಸದಾಗಿ ಬಂತು. ಹೆಸರು ಒಂದೇ ಆದರೂ ನೋಟ್‌ಬುಕ್ಕಿನಲ್ಲಿ ಇವು ಮೂರು ಸಾಲುಗಳು. 'ಲಿವಿಂಗ್ ಡಾಲ್' ಕೂಡ ಹಾಗೆಯೇ: 1959ರದು ಒಂದು, 1986ರಲ್ಲಿ ಸಹಾಯಾರ್ಥವಾಗಿ ಟಿವಿಯ ಹಾಸ್ಯನಟರೊಂದಿಗೆ ಹಾಡಿದ್ದು ಇನ್ನೊಂದು. 2009ರ 'ರಿಯುನೈಟೆಡ್'ನಲ್ಲಿ ಮೊದಲಿನ ದಿನಗಳಲ್ಲಿ ತಮಗೆ ನುಡಿಸುತ್ತಿದ್ದ ದಿ ಷಾಡೋಸ್ ವಾದ್ಯತಂಡದೊಂದಿಗೆ ಹಳೆಯ ಹಾಡುಗಳನ್ನು ಮತ್ತೆ ಹಾಡಿದ್ದಾರೆ. ಹೊದಿಕೆಯ ಮೇಲಿನ ಹಾಡುಪಟ್ಟಿಯನ್ನು ಮಾತ್ರ ಓದಿ ಇದನ್ನು ಹಳೆಯ ಸಂಕಲನವೆಂದು ತಿಳಿದು ಕೊಂಡವರು ಪೇಚಾಡಬೇಕಾಗುತ್ತದೆ.

ಸಂಕಲನಗಳನ್ನು ಕೀಳೆಂದು ಬದಿಗಿಡುವವರೂ ಇದ್ದಾರೆ. ಕ್ಲಿಫ್ ವಿಷಯದಲ್ಲಿ ಅದು ತಪ್ಪು ಎಂಬುದು ನನ್ನ ಅಭಿಪ್ರಾಯ. ಆ ಕಾಲದ ಬ್ರಿಟನ್ನಿನಲ್ಲಿ ಎರಡು ಹಾಡಿನ ಸಣ್ಣ ಪ್ಲೇಟಿಗೆ ಮುದ್ರಿಸಿದ ಹಾಡನ್ನು ಎಲ್‌ಪಿಗೆ ಮತ್ತೆ ಸೇರಿಸದಿರುವ ರೂಢಿ ಹೆಚ್ಚಾಗಿತ್ತು, ಒಂದೇ ಹಾಡಿಗೆ ಜನರಿಂದ ಎರಡು ಸಲ ಹಣ ಪಡೆಯಬಾರದೆಂಬ ಎಣಿಕೆ ಅದರ ಹಿಂದಿತ್ತು. ಹೀಗಾಗಿ ಅವರ ಎಷ್ಟೋ ಪ್ರಸಿದ್ಧ ಹಾಡುಗಳು ಎಲ್‌ಪಿ ರೂಪದಲ್ಲಿ ಸಿಗುವುದು ಸಂಕಲನಗಳಲ್ಲಿಯೇ. ಯುರೋಪಿನ ದೇಶಗಳ ನಡುವಿನ ಹಾಡಿನ ಸ್ಪರ್ಧೆಯಾದ ಯೂರೋವಿಷನ್‌ನಲ್ಲಿ 1968ರಲ್ಲಿ ಸ್ಪೇನಿನೆದುರು ಒಂದೇ ಅಂಕದಿಂದ ಸೋತ 'ಕಂಗ್ರಾಚುಲೇಷನ್ಸ್' ಬೇಕೆಂದರೆ 1969ರ 'ದಿ ಬೆಸ್ಟ್ ಆಫ್ ಕ್ಲಿಫ್' ಹುಡುಕಬೇಕು. ಅದಕ್ಕೂ ಹಿಂದಿನ ಸಣ್ಣ ಪ್ಲೇಟುಗಳ ಹಾಡುಗಳಿಗೆ 1963ರ 'ಕ್ಲಿಫ್ಸ್ ಹಿಟ್ ಆಲ್ಬಮ್' ಮತ್ತು 1965ರ 'ಮೋರ್ ಹಿಟ್ಸ್ ಬೈ ಕ್ಲಿಫ್' ಇವೆ. ಹಳೆಯ ಹೊದಿಕೆಗಳ ಮೇಲೆ ಪ್ರೀತಿಯುಳ್ಳವರು ಈ ಮೂರನ್ನೇ ಕೊಳ್ಳಲಿ. ಹಾಡು ಕೇಳಿದರೆ ಸಾಕೆನ್ನುವವರಿಗೆ ಎರಡು ಜೋಡಿ ಎಲ್‌ಪಿಗಳು ಸಾಕು, 1977ರ '40 ಗೋಲ್ಡನ್ ಗ್ರೇಟ್ಸ್' ಮತ್ತು 1988ರ 'ಪ್ರೈವೇಟ್ ಕಲೆಕ್ಷನ್'. ಮೊದಲನೆಯದರಲ್ಲಿ ಒಂದೊಂದು ಬದಿಗೆ ಹತ್ತು ಹಾಡುಗಳನ್ನು ತುರುಕಿರುವುದರಿಂದ ಗೆರೆಗಳು ಇಕ್ಕಟ್ಟಾಗಿ, ಧ್ವನಿ ತುಸು ತಗ್ಗಿನಲ್ಲಿಯೇ ಕೇಳುತ್ತದೆ. ಎರಡನೆಯದು 1979ರ ನಂತರದ್ದು, 'ವಿ ಡೋಂಟ್ ಟಾಕ್ ಎನಿಮೋರ್'ನಿಂದ ಹಿಡಿದು 1988ರ ಕ್ರಿಸ್‌ಮಸ್ ಹಾಡಿನವರೆಗೆ ಅದರಲ್ಲಿದೆ. 2008ರ ಎಂಟು ಸಿಡಿಗಳ ಪೆಟ್ಟಿಗೆಯನ್ನು ಮೊದಲ ಖರೀದಿಯಾಗಿ ನಾನು ಯಾರಿಗೂ ಹೇಳುವುದಿಲ್ಲ.

ಅಗ್ಗದ ಸಿಡಿಗಳಲ್ಲಿಯೂ ಮೊಬೈಲ್ ಆ್ಯಪುಗಳಲ್ಲಿಯೂ ಹೆಸರೇ ಕೇಳದ ಕಂಪನಿಗಳ ಸಂಕಲನಗಳು ಹೇರಳವಾಗಿ ಕಾಣುತ್ತವೆ. ಅವುಗಳಲ್ಲಿ ಎಲ್ಲ ಹಾಡೂ 1958ರಿಂದ 1962ರೊಳಗಿನದೇ ಆಗಿದ್ದರೆ ಕಾರಣ ಸರಳ. ಬ್ರಿಟನ್ನಿನಲ್ಲಿ ಧ್ವನಿಮುದ್ರಣದ ಹಕ್ಕು 50 ವರ್ಷವಿದ್ದದ್ದು 2013ರಲ್ಲಿ 70ಕ್ಕೆ ಏರಿತು, ಆದರೆ ಅಷ್ಟರಲ್ಲಾಗಲೇ ಅವಧಿ ಮುಗಿದಿದ್ದ ಹಾಡುಗಳಿಗೆ ಹಕ್ಕು ಮರಳಿ ಬರಲಿಲ್ಲ. ಅವನ್ನು ಅಲ್ಲಿ ಯಾರು ಬೇಕಾದರೂ ಅಚ್ಚು ಹಾಕಬಹುದು. ಮೂಲ ಟೇಪು ಕೈಯಲ್ಲಿಲ್ಲದೆ ಹಳೆಯ ಪ್ಲೇಟಿನಿಂದಲೇ ನಕಲು ಮಾಡಿ, ಗರಗರ ಸದ್ದು ತೆಗೆಯುವ ಭರದಲ್ಲಿ ಗಿಟಾರಿನ ಹೊಳಪನ್ನೂ ಒರೆಸಿಹಾಕಿದಂಥವು ಇವುಗಳಲ್ಲಿ ಇರುತ್ತವೆ. ಕೊಳ್ಳುವ ಮುನ್ನ ಒಂದು ಹಾಡನ್ನಾದರೂ ಹೆಡ್‌ಫೋನಿನಲ್ಲಿ ಕೇಳುವುದು ಕ್ಷೇಮ.

ಸ್ಟುಡಿಯೋ ಆಲ್ಬಮ್ಮುಗಳಲ್ಲಿ ಆರಂಭಕ್ಕೆ 1960ರ 'ಮಿ ಅಂಡ್ ಮೈ ಷಾಡೋಸ್' ಒಳ್ಳೆಯದು, ಅದರ ಹೆಚ್ಚಿನ ಹಾಡುಗಳನ್ನು ಅವರ ಬಳಗದವರೇ ರಚಿಸಿದ್ದರು. 1961ರ 'ದಿ ಯಂಗ್ ಒನ್ಸ್' ಮತ್ತು 1963ರ 'ಸಮರ್ ಹಾಲಿಡೇ' ಸಿನಿಮಾ ಆಲ್ಬಮ್ಮುಗಳು. ಇವುಗಳಲ್ಲಿ ಕ್ಲಿಫ್ ಹಾಡದ, ಷಾಡೋಸ್ ಮಾತ್ರ ನುಡಿಸಿದ ತುಣುಕುಗಳೂ ಇರುವುದರಿಂದ ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಳ್ಳಬೇಕು. 1967ರ 'ಗುಡ್ ನ್ಯೂಸ್' ಭಕ್ತಿಗೀತೆಗಳದ್ದು, 1963ರ 'ವೆನ್ ಇನ್ ಸ್ಪೇನ್' ಸ್ಪ್ಯಾನಿಷ್ ಭಾಷೆಯದ್ದು. ಎಪ್ಪತ್ತರ ದಶಕದ ಮೊದಲ ಅರ್ಧವನ್ನು ಸದ್ಯಕ್ಕೆ ದಾಟಿಬಿಡಬಹುದು. 1976ರ 'ಐ ಆಮ್ ನಿಯರ್ಲಿ ಫೇಮಸ್' ಮಾತ್ರ ಬಿಡಬೇಡಿ, ಷಾಡೋಸ್‌ನ ಬ್ರೂಸ್ ವೆಲ್ಚ್ ನಿರ್ಮಿಸಿದ ಈ ಆಲ್ಬಮ್ಮಿನ 'ಡೆವಿಲ್ ವುಮನ್' ಅವರಿಗೆ ಅಮೆರಿಕದಲ್ಲಿ ಹೆಸರು ತಂದಿತು.

ಇನ್ನು ಹಳೆಯ ಪ್ಲೇಟನ್ನು ಕೈಗೆತ್ತಿಕೊಂಡಾಗ ನೋಡಬೇಕಾದ್ದು. ಕ್ಲಿಫ್ ಅವರ ಹಳೆಯ ರೆಕಾರ್ಡುಗಳು ಬಂದ ಕೊಲಂಬಿಯಾ ಹೆಸರಿನ ಎಲ್‌ಪಿಗಳಲ್ಲಿ 33 ಎಸ್‌ಎಕ್ಸ್ ಎಂದು ಆರಂಭವಾಗುವ ಸಂಖ್ಯೆ ಮೊನೋ, ಎಸ್‌ಸಿಎಕ್ಸ್ ಎಂದಿದ್ದರೆ ಸ್ಟೀರಿಯೋ. 'ಕ್ಲಿಫ್'ನ ಸಂಖ್ಯೆ 33 ಎಸ್‌ಎಕ್ಸ್ 1147. ಪ್ಲೇಟನ್ನು ಬೆಳಕಿಗೆ ಓರೆಯಾಗಿ ಹಿಡಿದರೆ, ಹಾಡು ಮುಗಿದು ಲೇಬಲ್ಲು ಶುರುವಾಗುವ ನಡುವಿನ ಖಾಲಿ ಪಟ್ಟಿಯಲ್ಲಿ ಕೊರೆದ ಸಣ್ಣ ಅಕ್ಷರಗಳು ಕಾಣುತ್ತವೆ. ಇಂಗ್ಲೆಂಡಿನ ಹೆಯ್ಸ್ ಕಾರ್ಖಾನೆಯಲ್ಲಿ ಅಚ್ಚಾದ ಪ್ಲೇಟಾಗಿದ್ದರೆ ಬಲಬದಿಯ ಒಂದೆರಡು ಅಕ್ಷರಗಳು ಪ್ಲೇಟನ್ನು ಒತ್ತಿದ ಲೋಹದ ಅಚ್ಚಿನ ಸಂಖ್ಯೆಯನ್ನು ಹೇಳುತ್ತವೆ. ಜಿ, ಆರ್, ಎ, ಎಂ, ಓ, ಪಿ, ಹೆಚ್, ಎಲ್, ಟಿ, ಡಿ ಎಂಬ ಹತ್ತು ಅಕ್ಷರಗಳಿಗೆ ಕ್ರಮವಾಗಿ 1ರಿಂದ 9, ಕೊನೆಗೆ 0 ಎಂದು ಬೆಲೆ ಕೊಟ್ಟು ಓದಬೇಕು, ಅಂದರೆ ಜಿಆರ್ ಎಂದರೆ 12. ಸಂಖ್ಯೆ ಚಿಕ್ಕದಾದಷ್ಟೂ ಅಚ್ಚು ಮೊದಮೊದಲಿನದು. ನಮ್ಮಲ್ಲಿ ಸಿಗುವ ಪ್ಲೇಟುಗಳಲ್ಲಿ ಕೋಲ್ಕತ್ತದ ಡಮ್‌ಡಮ್‌ನ ಗ್ರಾಮಫೋನ್ ಕಂಪನಿಯಲ್ಲಿ ಅಚ್ಚಾದವೂ ಇರುತ್ತವೆ. ಇಂಗ್ಲೆಂಡಿನದೆಂದು ಹೇಳಿ ಅದರ ಬೆಲೆ ಕೇಳುವವರಿಗೆ ಲೇಬಲ್ಲಿನ ಅಂಚನ್ನು ಓದಿ ತೋರಿಸಿದರೆ ಮಾತು ಮುಗಿಯುತ್ತದೆ.

ಮಲೆನಾಡು, ಕರಾವಳಿಯ ಮನೆಗಳಿಂದ ಬಂದ ಪ್ಲೇಟಿನಲ್ಲಿ ಬೂಷ್ಟು ಹಿಡಿದಿದ್ದರೆ ಡಿಸ್ಟಿಲ್ಡ್ ವಾಟರಿನಲ್ಲಿ ಅದ್ದಿದ ಮೆತ್ತನೆಯ ಬಟ್ಟೆಯಿಂದ, ಲೇಬಲ್ಲು ನೆನೆಯದಂತೆ, ಗೆರೆಗಳು ಸುತ್ತುವ ದಿಕ್ಕಿನಲ್ಲಿಯೇ ಒರೆಸಿ ನೆರಳಿನಲ್ಲಿ ಒಣಗಿಸಬೇಕು. ಅರಗಿನಿಂದ ಮಾಡಿದ, ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ಪ್ಲೇಟಿಗೆ ಸ್ಪಿರಿಟ್ಟು ತಾಗಿಸಲೇಬಾರದು, ಅರಗು ಕರಗುತ್ತದೆ. ಒಣಗಿದ ಮೇಲೆ ಹೊಸ ಒಳಚೀಲಕ್ಕೆ ಹಾಕಿ, ಒಂದರ ಮೇಲೊಂದು ಪೇರಿಸದೆ, ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿ, ನೋಟ್‌ಬುಕ್ಕಿನ ಸಾಲಿನ ಸಂಖ್ಯೆಯನ್ನು ಒಳಚೀಲದ ಮೂಲೆಯಲ್ಲಿ ಪೆನ್ಸಿಲಿನಿಂದ ಬರೆದಿಡಿ. ಪ್ಲೇಟನ್ನು ಚೀಲದೊಳಗೆ ಇಡುವ ಮುಂಚೆಯೇ ಬರೆಯಿರಿ, ಪೆನ್ಸಿಲಿನ ಒತ್ತು ಗೆರೆಗಳ ಮೇಲೆ ಬೀಳಬಾರದು.