ಆರ್‌ವಿ ಫ್ರಿಜ್ ಕೆಳಗೆ ನೀರು ಎಲ್ಲಿಂದ ಬಂತು?

ಟೆಕ್ಸಾಸ್‌ನ ಆಗಸ್ಟ್ ಬಿಸಿಲಲ್ಲಿ ನಮ್ಮ ಹಳೇ ಆರ್‌ವಿಯ (ಒಳಗೇ ಅಡುಗೆ, ಮಲಗೋ ಜಾಗ ಇರೋ ಪ್ರವಾಸದ ಗಾಡಿ) ಫ್ರಿಜ್ ಮುಂದಿನ ಮ್ಯಾಟ್ ಒದ್ದೆ. ನಾನು ಮೊದಲು ಬೈದದ್ದು ಚಾವಣಿಯನ್ನು. ಸುಮ್ನೆ ಬೈದೆ, ಮಳೆಯೇ ಬಂದಿರಲಿಲ್ಲ ಅಲ್ವಾ!

ಮಳೆ ಇಲ್ಲದೆಯೂ ನೀರು ಬಂದರೆ ಫ್ರಿಜ್‌ನ ಡ್ರೈನ್ ನೋಡಿ. ಫ್ರಿಜ್ ಒಳಗೆ ತಂಪು ಮಾಡುವ ಅಲ್ಯೂಮಿನಿಯಂ ರೆಕ್ಕೆಗಳ ಮೇಲೆ ಕೂತ ತೇವ ಕೆಳಗಿನ ತಟ್ಟೆಗೆ ತೊಟ್ಟಿಕ್ಕಿ, ಸಣ್ಣ ಪೈಪಿನಲ್ಲಿ ಹಿಂದಕ್ಕೆ ಹೋಗುತ್ತದೆ. ಗ್ಯಾಸ್, ಕರೆಂಟ್ ಎರಡೂ ಆಫ್ ಮಾಡಿ. ಗಾಡಿಯ ಹೊರಗಿನಿಂದ, ಫ್ರಿಜ್ ಹಿಂಬದಿಯ ಕೆಳಗಿನ ಜಾಲರಿ ಮುಚ್ಚಳ ತೆಗೆಯಿರಿ. ಆಮೇಲೆ ತಟ್ಟೆಗೆ ಅರ್ಧ ಲೋಟ ಅರಿಶಿನದ ನೀರು ಹಾಕಿ, ಹೊರಗಿನಿಂದ ಟಾರ್ಚ್ ಬೆಳಕು ಬಿಟ್ಟು ನೋಡಿ. ನಮ್ಮದರಲ್ಲಿ ಪೈಪ್ ಕಳಚಿಕೊಂಡು, ನೆಲದ ಹಲಗೆಯೇ ಹಳದಿಯಾಯಿತು. ಒಂದು ಕ್ಲಿಪ್ ಹಾಕಿದೆ. ಆ ಕಲೆ ಮಾತ್ರ ಇನ್ನೂ ಹೋಗಿಲ್ಲ.

ಮಳೆ ಬಂದಾಗಷ್ಟೇ ಸೋರಿದರೆ ಚಾವಣಿಯ ವೆಂಟ್ (ಗಾಳಿಕಿಂಡಿ) ಮುಚ್ಚಳದ ಬಿರುಕು, ಅಂಚಿನ ಸೀಲಂಟ್ (ನೀರು ಒಳಬರದಂತೆ ಹಚ್ಚೋ ಅಂಟು) ನೋಡಿ.