ಲೀಸ್ ಮುಗಿದರೂ ಮನೆ ಬಿಡದಿದ್ದರೆ ಏನು ಮಾಡಬೇಕು?

ನೀವಿರುವುದು ಬೆಂಗಳೂರಿನಲ್ಲಿ, ವಿರಾಜಪೇಟೆ ಕಡೆಯ ಮನೆಯನ್ನು ಹೋಂಸ್ಟೇ ನಡೆಸುವವರಿಗೆ ಲೀಸಿಗೆ ಕೊಟ್ಟಿದ್ದೀರಿ. ಮಾರ್ಚ್ 31ಕ್ಕೆ ಅವಧಿ ಮುಗಿಯಿತು. ಎದುರಿಗೆ ಬೇಸಿಗೆ ರಜೆ, ಬುಕಿಂಗ್ ಭರ್ತಿ. ಅವರು ಏಳುವ ಲಕ್ಷಣವಿಲ್ಲ. ಮಾಲೀಕರು ಎಡವುವುದು ಸಾಮಾನ್ಯವಾಗಿ ಕೋರ್ಟಿನಲ್ಲಲ್ಲ, ಏಪ್ರಿಲ್ ತಿಂಗಳಲ್ಲಿ.

ಮೊದಲು, ಬೀಗದ ತಂಟೆಗೆ ಹೋಗಬೇಡಿ. ಫ್ಯೂಸ್ ಕೀಳುವುದು, ನೀರು ನಿಲ್ಲಿಸುವುದು, ಗೇಟಿಗೆ ಬೇರೆ ಬೀಗ ಜಡಿಯುವುದು ಬೇಡವೇ ಬೇಡ. ಅವಧಿ ಮುಗಿದವರನ್ನೂ ಕಾನೂನಿನ ದಾರಿಯಲ್ಲೇ ಹೊರಹಾಕಬೇಕು ಎಂದು ಕೃಷ್ಣ ರಾಮ್ ಮಹಾಳೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ಬಲವಂತವಾಗಿ ಹೊರಹಾಕಿದರೆ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಂ ಪ್ರಕಾರ ಆರು ತಿಂಗಳೊಳಗೆ ದಾವೆ ಹಾಕಿ ಅವರು ಸ್ವಾಧೀನ ವಾಪಸ್ ಪಡೆಯಬಹುದು. ಮನೆ ನಿಮ್ಮದೆಂಬ ವಾದ ಅಲ್ಲಿ ನಡೆಯುವುದಿಲ್ಲ. ಅತಿಕ್ರಮಣ ಎಂದು ದೂರು ಕೊಟ್ಟರೂ ಪೊಲೀಸರು ‘ಇದು ಸಿವಿಲ್ ವ್ಯಾಜ್ಯ’ ಎಂದು ಕಳಿಸುವುದೇ ಹೆಚ್ಚು. ಕರಾರಿನ ಮೇಲೆ ಒಳಬಂದು ಉಳಿದುಕೊಂಡವರನ್ನು ಕಾನೂನು ಬೇಲಿ ಹಾರಿ ಬಂದವರಂತೆ ನೋಡುವುದಿಲ್ಲ.

ಎರಡನೆಯದು, ಫೋನಿಗೆ ಬರುವ ಹಣ. ಏಪ್ರಿಲ್ 5ಕ್ಕೆ ಯುಪಿಐನಲ್ಲಿ ಹಣ ಬೀಳುತ್ತದೆ, ಪಕ್ಕದಲ್ಲಿ ‘ಏಪ್ರಿಲ್ ಬಾಡಿಗೆ’ ಎಂಬ ಒಕ್ಕಣೆ. ಸುಮ್ಮನಿದ್ದರೆ ಆಸ್ತಿ ವರ್ಗಾವಣೆ ಕಾಯ್ದೆ, 1882ರ 116ನೇ ಕಲಂ ಪ್ರಕಾರ ನೀವೇ ಲೀಸ್ ಮುಂದುವರಿಸಿದಿರಿ ಎಂದು ಅವರು ವಾದಿಸಬಹುದು. ಹಣ ಹಿಂದಿರುಗಿಸಿ. ಇಲ್ಲವೇ ಅಂದೇ ಬರೆದು ತಿಳಿಸಿ: ‘ಇದು ಬಾಡಿಗೆಯಲ್ಲ, ಅನಧಿಕೃತ ಬಳಕೆಯ ನಷ್ಟ ಪರಿಹಾರದ ಬಾಬ್ತು, ನನ್ನ ಹಕ್ಕುಗಳಿಗೆ ಧಕ್ಕೆಯಿಲ್ಲದಂತೆ ಪಡೆದಿದ್ದೇನೆ.’ ವಾಟ್ಸ್ಆ್ಯಪ್‌ನಲ್ಲಿ ‘ಓಕೆ ಸಾರ್’ ಎಂದು ಹೆಬ್ಬೆರಳು ತೋರಿಸಿದರೆ ಅದೂ ಸಾಕ್ಷ್ಯವಾದೀತು.

ಆಮೇಲೆ ಕರಾರು ಪತ್ರ ತೆಗೆದು ನೋಡಿ. ನೋಂದಣಿಯಾದ ಪತ್ರದ ಅವಧಿ ಮುಗಿದಿದ್ದರೆ ಲೀಸ್ ತಾನಾಗಿಯೇ ಕೊನೆಗೊಳ್ಳುತ್ತದೆ, ನೋಟಿಸ್ ಕಡ್ಡಾಯವಲ್ಲ. ಮೂರು ವರ್ಷದ ಲೀಸನ್ನು ಛಾಪಾ ಕಾಗದದಲ್ಲಷ್ಟೇ ಬರೆದು ನೋಂದಣಿ ಬಿಟ್ಟಿದ್ದರೆ ಆ ಮೂರು ವರ್ಷವನ್ನು ಸಾಬೀತು ಮಾಡುವುದೇ ಕಷ್ಟ. ಅದು ತಿಂಗಳ ಬಾಡಿಗೆಯೆಂದು ಪರಿಗಣಿತವಾಗುತ್ತದೆ, 15 ದಿನದ ನೋಟಿಸ್ ಬೇಕೇಬೇಕು. ಎರಡೂ ಸಂದರ್ಭದಲ್ಲಿ ವಕೀಲರ ಮೂಲಕ ಸ್ಪೀಡ್ ಪೋಸ್ಟ್‌ನಲ್ಲಿ ನೋಟಿಸ್ ಕಳಿಸುವುದೇ ಜಾಣತನ. ಖಾಲಿ ಮಾಡಿದ ದಿನವೇ ಅಡ್ವಾನ್ಸ್ ಕೊಡಲು ಸಿದ್ಧ ಎಂದೂ ಅದರಲ್ಲಿ ಬರೆಸಿ. ‘ಅಡ್ವಾನ್ಸ್ ಕೊಟ್ಟಿಲ್ಲ’ ಎಂಬುದು ಅವರ ಮಾಮೂಲಿ ನೆಪ.

ದಾವೆ ಹೂಡಬೇಕಾದ್ದು ಆಸ್ತಿಯಿರುವ ಕಡೆ. ನೀವು ಬೆಂಗಳೂರಿನಲ್ಲಿದ್ದರೂ ಕೊಡಗಿನ ಕೋರ್ಟಿಗೇ ಬರಬೇಕು. ಪಹಣಿಯಲ್ಲಿ ಒಕ್ಕದ (ಕೊಡವ ಮನೆತನದ) ಹಲವರ ಹೆಸರಿದೆಯೆಂದು ಹಿಂಜರಿಯಬೇಡಿ. ಉಳಿದವರ ತಕರಾರಿಲ್ಲದಿದ್ದರೆ ಸಹಮಾಲೀಕರೊಬ್ಬರೇ ಬಾಡಿಗೆದಾರರ ಮೇಲೆ ದಾವೆ ಹಾಕಬಹುದು.

ಇನ್ನು ನಷ್ಟ ಪರಿಹಾರ. ಕೋರ್ಟಿನಲ್ಲಿ ಇದಕ್ಕೆ ಮೀನ್ ಪ್ರಾಫಿಟ್ಸ್ ಎನ್ನುತ್ತಾರೆ. ಹಕ್ಕಿಲ್ಲದೆ ಕುಳಿತವರು ಆಸ್ತಿಯಿಂದ ಪಡೆದದ್ದು ಅಥವಾ ಸಾಮಾನ್ಯ ಶ್ರದ್ಧೆಯಿಂದ ಪಡೆಯಬಹುದಾಗಿದ್ದದ್ದು, ಜೊತೆಗೆ ಬಡ್ಡಿ. ಹಳೆಯ ಬಾಡಿಗೆಯೇ ಇದಕ್ಕೆ ಮಿತಿಯಲ್ಲ. ಆದರೆ ಬಾಯಿಮಾತಿನ ಲೆಕ್ಕ ನಡೆಯದು. ಅಕ್ಕಪಕ್ಕದ ಅಂಥದೇ ಮನೆಗಳ ನೋಂದಾಯಿತ ಲೀಸ್ ಪತ್ರಗಳ ದೃಢೀಕೃತ ನಕಲನ್ನು ಉಪನೋಂದಣಾಧಿಕಾರಿ ಕಚೇರಿಯಿಂದ ತೆಗೆಸಿ. ಬುಕಿಂಗ್ ತಾಣದಲ್ಲಿ ಆ ಮನೆಯ ಕೋಣೆ ದರದ ಸ್ಕ್ರೀನ್‌ಶಾಟ್‌ಗಳನ್ನು ದಿನಾಂಕ ಸಹಿತ ಇಟ್ಟುಕೊಳ್ಳಿ. ಅವಕ್ಕೆ ಸಾಕ್ಷ್ಯ ಅಧಿನಿಯಮ, 2023ರ 63ನೇ ಕಲಮಿನ ಪ್ರಮಾಣಪತ್ರ (ಎಲೆಕ್ಟ್ರಾನಿಕ್ ದಾಖಲೆಯನ್ನು ದೃಢೀಕರಿಸುವ ಪತ್ರ) ಬೇಕು. ಹಾಗಂತ ಹೋಂಸ್ಟೇಯ ಇಡೀ ವಹಿವಾಟನ್ನು ಕೇಳಬೇಡಿ. ಅಡುಗೆಯವರ ಸಂಬಳ ಕೊಟ್ಟವರು ಅವರು. ಮನೆಗೆ ಇವತ್ತು ಬರಬಹುದಾದ ಬಾಡಿಗೆ ಕೇಳಿದರೆ ವಾದ ಗಟ್ಟಿ.

ಕಾಫಿ ತೋಟದ ಲೀಸಾದರೆ ಲೆಕ್ಕವೇ ಬೇರೆ. ಡಿಸೆಂಬರ್ 31ಕ್ಕೆ ಅವಧಿ ಮುಗಿದಾಗ ರೊಬಸ್ಟಾ ಕಾಫಿ ಇನ್ನೂ ಗಿಡದಲ್ಲೇ ಇರುತ್ತದೆ. ನಿಶ್ಚಿತ ಅವಧಿಯ ಲೀಸಿನಲ್ಲಿ ಕೊನೆಯ ದಿನ ಮೊದಲೇ ಗೊತ್ತಿರುವುದರಿಂದ, ಕರಾರಿನಲ್ಲಿ ಬರೆದಿರದಿದ್ದರೆ, ಆಮೇಲೆ ಬಂದು ಕೊಯ್ಯುವ ಹಕ್ಕು ಲೀಸುದಾರರಿಗೆ ಉಳಿಯುವುದಿಲ್ಲ. ಕೊಯ್ದರೆ ಫಸಲಿನ ಬೆಲೆಯನ್ನೇ ಕೇಳಬಹುದು. ಕಾಫಿ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್‌ನ ತೂಕದ ಚೀಟಿ, ಆಳುಗಳ ಹಾಜರಿ ಪುಸ್ತಕವನ್ನು ಕೋರ್ಟಿಗೆ ತರಿಸಲು ವಕೀಲರಿಗೆ ಹೇಳಿ. ಹೊಸ ಕರಾರು ಮಾಡುವವರು ಮೆಣಸೂ ಇಳಿದ ಮೇಲಿನ ತಾರೀಕು ಹಾಕಿಕೊಂಡರೆ ಅರ್ಧ ಜಗಳ ತಪ್ಪುತ್ತದೆ.

ಹಿಂಬಾಕಿಯನ್ನು ಮೂರು ವರ್ಷದಷ್ಟು ಮಾತ್ರ ಕೇಳಲು ಸಾಧ್ಯ, ಹಾಗಾಗಿ ತಡಮಾಡಬೇಡಿ. ದಾವೆ ಹೂಡಿದ ನಂತರದ ಅವಧಿಗೆ, ಕೀಲಿಕೈ ನಿಮ್ಮ ಕೈಸೇರುವ ದಿನದವರೆಗೆ ಆಗುವ ಮೊತ್ತವನ್ನು ಪ್ರತ್ಯೇಕ ವಿಚಾರಣೆಯಲ್ಲಿ ನಿಗದಿ ಮಾಡುವಂತೆ ದಾವೆಯಲ್ಲೇ ಕೋರಿಕೊಳ್ಳಿ.