ಹೊಸ ವರ್ಷದ ಕಾರೋ, ಹೋದ ವರ್ಷದ ಸ್ಟಾಕೋ? ಲೆಕ್ಕ ಹಾಕುವುದು ಹೀಗೆ

ವರ್ಷ ಬದಲಾಗುವ ಹೊತ್ತಿಗೆ ಶೋರೂಮಿನಲ್ಲಿ ಒಂದೇ ಕಾರು ಎರಡು ಬೆಲೆಗೆ ಸಿಗುತ್ತದೆ. ಹೊಸ ಮಾಡೆಲ್ ವರ್ಷದ್ದಕ್ಕೆ ಪೂರ್ತಿ ಬೆಲೆ. ಯಾರ್ಡಿನಲ್ಲಿ ಉಳಿದ ಹೋದ ವರ್ಷದ್ದಕ್ಕೆ ರಿಯಾಯಿತಿ. ಎರಡನ್ನೂ ಇನ್ನೂ ಯಾರೂ ಓಡಿಸಿಲ್ಲ. ಹಳೆಯದು ಅಗ್ಗ ಎಂಬುದು ಬೆಲೆಪಟ್ಟಿ ನೋಡಿದರೇ ಗೊತ್ತಾಗುತ್ತದೆ. ಎಷ್ಟು ಅಗ್ಗವಾದರೆ ಕೊಳ್ಳಬಹುದು ಎಂಬುದು ಮಾತ್ರ ಅಲ್ಲಿ ಬರೆದಿರುವುದಿಲ್ಲ. ಅದನ್ನು ತಿಳಿಯಲು ಕಾರು ತಯಾರಾದ ತಿಂಗಳು, ಎರಡರ ನಡುವಿನ ನಿಜವಾದ ವ್ಯತ್ಯಾಸ ಮತ್ತು ನೀವು ಕಾರನ್ನು ಇಟ್ಟುಕೊಳ್ಳುವ ವರ್ಷಗಳು ಗೊತ್ತಿರಬೇಕು. ಈ ಮೂರರಲ್ಲಿ ಕೊನೆಯದನ್ನು ಕೊಳ್ಳುವವರು ಯೋಚಿಸುವುದೇ ಕಡಿಮೆ, ಲೆಕ್ಕವನ್ನು ಹೆಚ್ಚು ಅಲ್ಲಾಡಿಸುವುದೂ ಅದೇ.

1. ತಯಾರಾದ ತಿಂಗಳನ್ನು ಪತ್ತೆ ಮಾಡಿ

ಒಂದು ಕಾರಿಗೆ ಮೂರು ದಿನಾಂಕಗಳಿರುತ್ತವೆ: ಕಾರ್ಖಾನೆಯಿಂದ ಹೊರಬಿದ್ದದ್ದು, ಕಂಪನಿ ಅದಕ್ಕೆ ಕೊಟ್ಟ ಮಾಡೆಲ್ ವರ್ಷ, ನೋಂದಣಿಯಾದದ್ದು. ಇವು ಒಂದೇ ಆಗಿರಬೇಕೆಂದಿಲ್ಲ. ಅಮೆರಿಕದಲ್ಲಿ 2026ರ ಮಾಡೆಲ್ ಎಂದು ಮಾರುವ ಕಾರು 2025ರಲ್ಲೇ ತಯಾರಾಗಿರುವುದು ಮಾಮೂಲು. ಬೇರೆ ಹಲವು ಮಾರುಕಟ್ಟೆಗಳಲ್ಲಿ ಜನ ನೋಡುವುದು ತಯಾರಿಕೆಯ ಕ್ಯಾಲೆಂಡರ್ ವರ್ಷವನ್ನೇ. ನಿಮ್ಮಲ್ಲಿ ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರು ಮೊದಲು ಯಾವ ವರ್ಷವನ್ನು ಕೇಳುತ್ತಾರೋ, ನಿಮ್ಮ ಲೆಕ್ಕಕ್ಕೂ ಅದೇ ವರ್ಷ.

ಹೋದ ಡಿಸೆಂಬರಿನಲ್ಲಿ ತಯಾರಾದ ಕಾರಿಗೂ ಹೋದ ಫೆಬ್ರವರಿಯಲ್ಲಿ ತಯಾರಾದದ್ದಕ್ಕೂ ಒಂದೇ ರಿಯಾಯಿತಿ ಹೇಳಿದರೆ ಒಪ್ಪಬೇಡಿ. ಮೊದಲನೆಯದು ಕಾಗದದ ಮೇಲೆ ಮಾತ್ರ ಹಳೆಯದು. ಎರಡನೆಯದು ಹತ್ತು ತಿಂಗಳಿಗಿಂತ ಹೆಚ್ಚು ಕಾಲ ಬಿಸಿಲು ಮಳೆಯಲ್ಲಿ ನಿಂತಿರಬಹುದು.

ತಿಂಗಳು ತಿಳಿಯಲು ಸೇಲ್ಸ್‌ನವರ ಮಾತು ಸಾಲದು. ಬಾಗಿಲ ಚೌಕಟ್ಟಿನ ಮೇಲೋ ಬಾನೆಟ್ ಒಳಗೋ ಇರುವ ತಯಾರಕರ ಫಲಕ ನೋಡಿ. ಅನೇಕ ಕಾರುಗಳಲ್ಲಿ ತಿಂಗಳು, ವರ್ಷ ಅಲ್ಲೇ ಇರುತ್ತದೆ. ಇಲ್ಲದಿದ್ದರೆ 17 ಅಕ್ಷರಗಳ ಚಾಸಿ ನಂಬರ್ ಇದೆ. ಉತ್ತರ ಅಮೆರಿಕಕ್ಕಾಗಿ ತಯಾರಾದ ಕಾರುಗಳಲ್ಲಿ ಅದರ 10ನೇ ಅಕ್ಷರ ಮಾಡೆಲ್ ವರ್ಷವನ್ನು ಹೇಳಲೇಬೇಕು: ಪಿ ಎಂದರೆ 2023, ಆರ್ 2024, ಎಸ್ 2025, ಟಿ 2026. ನಡುವೆ ಕ್ಯೂ ಬಿಟ್ಟುಹೋಗಿರುವುದು ಸೊನ್ನೆಯ ಜತೆ ಗೊಂದಲವಾಗುತ್ತದೆಂದು. ಬೇರೆಡೆ ಇದು ಕಡ್ಡಾಯವಲ್ಲ, ಹಲವು ಕಂಪನಿಗಳು ತಮ್ಮದೇ ಸಂಕೇತ ಬಳಸುತ್ತವೆ. ಹಾಗಿದ್ದಾಗ ಚಾಸಿ ನಂಬರ್ ಬರೆದುಕೊಂಡು ಕಂಪನಿಯ ಗ್ರಾಹಕ ಸೇವೆಯನ್ನೇ ಕೇಳುವುದು ಒಳ್ಳೆಯದು.

ತಾಳೆ ನೋಡಲು ಇನ್ನೆರಡು ಜಾಗಗಳಿವೆ. ಸೀಟ್ ಬೆಲ್ಟನ್ನು ಪೂರ್ತಿ ಎಳೆದರೆ ಬುಡದ ಚೀಟಿಯಲ್ಲಿ ಸಾಮಾನ್ಯವಾಗಿ ಅದು ತಯಾರಾದ ದಿನಾಂಕ ಸಿಗುತ್ತದೆ. ಟೈರಿನ ಪಕ್ಕದ ಗೋಡೆಯಲ್ಲಿ ನಾಲ್ಕಂಕಿಯ ಗುರುತು ಇರುತ್ತದೆ: 3524 ಎಂದರೆ 2024ರ 35ನೇ ವಾರ. ಬಿಡಿಭಾಗ ಕಾರಿಗಿಂತ ಕೆಲವು ವಾರ ಹಳೆಯದಾಗಿರುವುದು ಸಹಜ. ಕಾರಿಗಿಂತ ಹೊಸ ಟೈರು ಇದ್ದರೆ ಮಾತ್ರ ಅದನ್ನು ಯಾಕೆ ಬದಲಿಸಿದರು ಎಂದು ಕೇಳಲೇಬೇಕು.

2. ಬದಲಾಗಿದ್ದೇನು? ಎರಡು ಬ್ರೋಷರ್ ಪಕ್ಕಪಕ್ಕ ಇಡಿ

ಹೊಸ ಮಾಡೆಲ್ ಎಂಬ ಒಂದೇ ಹೆಸರಿನಡಿ ಬೇರೆಬೇರೆ ಗಾತ್ರದ ಬದಲಾವಣೆಗಳು ಮಾರಾಟವಾಗುತ್ತವೆ. ಬಣ್ಣ, ಚಕ್ರದ ವಿನ್ಯಾಸ, ಸೀಟಿನ ಬಟ್ಟೆ ಬದಲಿಸುವ ವಾರ್ಷಿಕ ಪರಿಷ್ಕರಣೆ ಅತಿ ಚಿಕ್ಕದು. ಸಾಮಾನ್ಯವಾಗಿ ಮೂರು ನಾಲ್ಕು ವರ್ಷಕ್ಕೊಮ್ಮೆ ಬರುವ ಫೇಸ್‌ಲಿಫ್ಟ್‌ನಲ್ಲಿ ದೀಪ, ಬಂಪರ್, ಡ್ಯಾಶ್‌ಬೋರ್ಡ್ ಪರದೆ ಬದಲಾಗುತ್ತವೆ, ಮೈಕಟ್ಟು ಅದೇ ಉಳಿಯುತ್ತದೆ. ಆರೇಳು ವರ್ಷಕ್ಕೆ ಬರುವ ಹೊಸ ಪೀಳಿಗೆಯಲ್ಲಿ ಬಹುತೇಕ ಎಲ್ಲವೂ ಹೊಸದು.

ಚಿಕ್ಕ ಪರಿಷ್ಕರಣೆಗಾಗಿ ಪೂರ್ತಿ ಬೆಲೆ ಕೊಡುವುದಕ್ಕೆ ರೀಸೇಲ್ ಬಿಟ್ಟರೆ ಬೇರೆ ಕಾರಣವಿಲ್ಲ. ಪೀಳಿಗೆ ಬದಲಾದಾಗ ವಿಷಯ ತಿರುವುಮುರುವು. ಹಳೆಯ ಪೀಳಿಗೆಯ ಕೊನೆಯ ವರ್ಷದ ಕಾರಿನಲ್ಲಿ ಆರಂಭದ ದೋಷಗಳನ್ನು ಅಷ್ಟರಲ್ಲಿ ತಿದ್ದಿರುತ್ತಾರೆ. ಮೆಕ್ಯಾನಿಕ್‌ಗಳಿಗೆ ಅದರ ಸ್ವಭಾವ ಗೊತ್ತಿರುತ್ತದೆ, ಬಿಡಿಭಾಗ ಎಲ್ಲೆಡೆ ಸಿಗುತ್ತದೆ. ಹೊಸ ಪೀಳಿಗೆಯ ಮೊದಲ ತಿಂಗಳುಗಳ ಕಾರುಗಳಲ್ಲಿ ಬಾಗಿಲಿನ ರಬ್ಬರ್‌ನಿಂದ ಹಿಡಿದು ಗೇರ್‌ಬಾಕ್ಸ್‌ನ ಸಾಫ್ಟ್‌ವೇರ್‌ವರೆಗೆ ತಿದ್ದುಪಡಿಗಳು ಬರುತ್ತಲೇ ಇರುತ್ತವೆ. ಅವಸರವಿಲ್ಲದಿದ್ದರೆ ಹೊಸ ಪೀಳಿಗೆಗೆ ವರ್ಷ ತುಂಬುವವರೆಗೆ ಕಾಯುವುದು ಮೇಲು. ಹಳೆಯದನ್ನೇ ಕೊಂಡರೂ ಒಂದು ನಷ್ಟವಿದೆ: ಹೊಸ ರೂಪ ರಸ್ತೆಯಲ್ಲಿ ತುಂಬಿದಂತೆ ಹಳೆಯದರ ಮಾರಾಟ ಬೆಲೆ ಬೇಗ ಜಾರುತ್ತದೆ.

ಎರಡೂ ವರ್ಷದ ಬ್ರೋಷರ್‌ಗಳ ತಾಂತ್ರಿಕ ಪುಟಗಳನ್ನು ಅದೇ ವೇರಿಯಂಟ್‌ಗೆ ಸಾಲುಸಾಲಾಗಿ ಹೋಲಿಸಿ. ಸೇರಿಸಿದ್ದನ್ನು ಜಾಹೀರಾತು ಹೇಳುತ್ತದೆ, ತೆಗೆದದ್ದನ್ನು ನೀವೇ ಹುಡುಕಬೇಕು. ಸ್ಟೆಪ್ನಿ ಚಕ್ರದ ಬದಲು ಪಂಕ್ಚರ್ ಕಿಟ್, ಹಿಂದಿನ ಡಿಸ್ಕ್ ಬ್ರೇಕ್ ಜಾಗದಲ್ಲಿ ಡ್ರಮ್, ಎಸಿಯ ತಿರುಗುಗುಂಡಿ ಮಾಯವಾಗಿ ಪರದೆಯೊಳಗೆ ಸೇರಿರುವುದು, ಬಾನೆಟ್ ಒಳಗಿನ ಶಬ್ದನಿರೋಧಕ ಹಾಸು ಇಲ್ಲದಿರುವುದು, ಇಂಥವೆಲ್ಲ ಸದ್ದಿಲ್ಲದೆ ಆಗುತ್ತವೆ. 2021ರ ಚಿಪ್ ಕೊರತೆಯ ಕಾಲದಲ್ಲಿ ಹಲವು ಕಂಪನಿಗಳು ಕೆಲವು ಸೌಲಭ್ಯಗಳನ್ನೇ ತೆಗೆದು ಕಾರು ಮಾರಿದವು. ಆಗ ಹಿಂದಿನ ವರ್ಷದ ಸ್ಟಾಕಿನಲ್ಲೇ ಹೆಚ್ಚು ಸೌಲಭ್ಯಗಳಿದ್ದವು.

ಸುರಕ್ಷತೆಯ ಸಾಲುಗಳಲ್ಲಿ ಮಾತ್ರ ರಾಜಿ ಬೇಡ. ಹೊಸ ವರ್ಷದಲ್ಲಿ ಪಕ್ಕದ ಮತ್ತು ಕರ್ಟನ್ ಏರ್‌ಬ್ಯಾಗ್, ಕಾರು ಜಾರದಂತೆ ತಡೆಯುವ ಸ್ಥಿರತೆ ನಿಯಂತ್ರಣ ವ್ಯವಸ್ಥೆ, ಸ್ವಯಂಚಾಲಿತ ತುರ್ತು ಬ್ರೇಕ್ ಇವುಗಳಲ್ಲಿ ಒಂದಾದರೂ ಸೇರಿದ್ದರೆ ರಿಯಾಯಿತಿಯ ಲೆಕ್ಕ ಅಲ್ಲಿಗೇ ನಿಲ್ಲಿಸಬಹುದು. ಇವನ್ನು ಆಮೇಲೆ ಹೊರಗಿನಿಂದ ಕೂರಿಸಲು ಆಗುವುದಿಲ್ಲ. ಕ್ಯಾಮೆರಾ, ಸ್ಪೀಕರ್, ಫೋನ್ ಜೋಡಣೆ ಆಗುತ್ತದೆ. ಕ್ರ್ಯಾಶ್ ಪರೀಕ್ಷೆಯ ನಕ್ಷತ್ರಗಳನ್ನು ನೋಡುವಾಗ ಪರೀಕ್ಷೆ ನಡೆದ ವರ್ಷ ಓದಿ. ಯುರೋಪಿನ ಕ್ರ್ಯಾಶ್ ಪರೀಕ್ಷಾ ಸಂಸ್ಥೆ ಯೂರೋ ಎನ್‌ಕ್ಯಾಪ್‌ನಲ್ಲಿ 2005ರಲ್ಲಿ ಐದು ನಕ್ಷತ್ರ ಪಡೆದಿದ್ದ ಫಿಯಾಟ್ ಪುಂಟೊ 2017ರಲ್ಲಿ ಸೊನ್ನೆಗೆ ಇಳಿಯಿತು. ನಡುವೆ ಮಾನದಂಡ ಬಿಗಿಯಾಗಿತ್ತು, ಕಾರು ಅದರೊಂದಿಗೆ ಬೆಳೆದಿರಲಿಲ್ಲ.

ಹೊಗೆ ನಿಯಮ ಬದಲಾಗುವ ವರ್ಷದಲ್ಲಿ ಇನ್ನೊಂದು ಪ್ರಶ್ನೆ: ಹಳೆಯ ಮಾನದಂಡದ ಕಾರು ಯಾವ ದಿನಾಂಕದವರೆಗೆ ನೋಂದಣಿಯಾಗುತ್ತದೆ? ಉತ್ತರ ಸ್ಪಷ್ಟವಿಲ್ಲದಿದ್ದರೆ ಮುಂಗಡ ಕೊಡಬೇಡಿ.

3. ರಿಯಾಯಿತಿ ಎಷ್ಟಿದ್ದರೆ ಸಾಕು?

ಹೊಸ ಕಾರಿನ ಬೆಲೆಯನ್ನು 100 ಎಂದಿಟ್ಟುಕೊಳ್ಳಿ. ಮೊದಲ ವರ್ಷದ ಕೊನೆಗೆ ಅದು 80ಕ್ಕೆ ಇಳಿಯುತ್ತದೆ, ಆಮೇಲೆ ಪ್ರತಿವರ್ಷ ಉಳಿದದ್ದರಲ್ಲಿ ಶೇ. 15 ಕಳೆಯುತ್ತದೆ ಎಂದು ಭಾವಿಸೋಣ. ಇದು ಉದಾಹರಣೆಯಷ್ಟೇ, ನಿಮ್ಮ ಮಾಡೆಲ್‌ನ ಮೂರು, ಐದು, ಎಂಟು ವರ್ಷ ಹಳೆಯ ಕಾರುಗಳ ಮಾರಾಟ ಜಾಹೀರಾತು ನೋಡಿ ಅಂಕಿಗಳನ್ನು ಬದಲಿಸಿಕೊಳ್ಳಿ. ಹೋದ ವರ್ಷದ ಕಾರು ಕೊಂಡರೆ, ನೀವು ಮಾರುವ ದಿನ ಅದು ಒಂದು ವರ್ಷ ಹೆಚ್ಚು ಹಳೆಯದೆಂದೇ ಎಣಿಕೆಯಾಗುತ್ತದೆ.

ಮೂರು ವರ್ಷಕ್ಕೆ ಮಾರಿದರೆ ಹೊಸದಕ್ಕೆ 57.8, ಹಳೆಯದಕ್ಕೆ 49.1. ವ್ಯತ್ಯಾಸ 8.7. ಐದು ವರ್ಷಕ್ಕಾದರೆ 41.8 ಮತ್ತು 35.5, ವ್ಯತ್ಯಾಸ 6.3. ಎಂಟು ವರ್ಷಕ್ಕೆ 3.8, ಹತ್ತು ವರ್ಷಕ್ಕೆ 2.8. ಅಂದರೆ ಶೇ. 8 ರಿಯಾಯಿತಿಯ ಅದೇ ಕಾರು ಮೂರು ವರ್ಷಕ್ಕೆ ಮಾರುವವರಿಗೆ ನಷ್ಟ, ಎಂಟು ವರ್ಷ ಓಡಿಸುವವರಿಗೆ 4.2ರಷ್ಟು ಉಳಿತಾಯ. ಮೂರು ನಾಲ್ಕು ವರ್ಷಕ್ಕೆ ಕಾರು ಬದಲಿಸುವ ಅಭ್ಯಾಸವಿದ್ದರೆ ಈ ಉದಾಹರಣೆಯಲ್ಲಿ ಶೇ. 10ಕ್ಕಿಂತ ಕಡಿಮೆ ರಿಯಾಯಿತಿಗೆ ಒಪ್ಪುವುದರಲ್ಲಿ ಅರ್ಥವಿಲ್ಲ.

ಸಾಲ ಮಾಡುವವರಿಗೆ ಇಲ್ಲೊಂದು ಉರುಳಿದೆ. ಕಂಪನಿಗಳು ಕಡಿಮೆ ಬಡ್ಡಿಯ ಕೊಡುಗೆಯನ್ನು ಕೆಲವೊಮ್ಮೆ ಹೊಸ ಮಾಡೆಲ್‌ಗೆ ಮಾತ್ರ ಕೊಡುತ್ತವೆ. ಹೊಸ ಕಾರಿಗೆ 80ರ ಸಾಲ, ಐದು ವರ್ಷ, ಶೇ. 7 ಬಡ್ಡಿ ಎಂದರೆ ಒಟ್ಟು ಬಡ್ಡಿ ಸುಮಾರು 15.1. ಹಳೆಯದರ ಬೆಲೆ 92. ಕೈಯಿಂದ ಅದೇ 20 ಹಾಕಿ 72 ಸಾಲ ಪಡೆದರೂ ಶೇ. 9ರಲ್ಲಿ ಬಡ್ಡಿ 17.7. ಸಾಲ ಕಡಿಮೆ, ಬಡ್ಡಿ ಮಾತ್ರ 2.6 ಹೆಚ್ಚು! ಎಂಟು ವರ್ಷದವರ ಉಳಿತಾಯ 4.2ರಿಂದ 1.6ಕ್ಕೆ ಇಳಿಯಿತು, ಐದು ವರ್ಷದವರದು ನಷ್ಟಕ್ಕೆ ತಿರುಗಿತು. ಆದ್ದರಿಂದ ತಿಂಗಳ ಕಂತು ಕೇಳಬೇಡಿ, ಎರಡಕ್ಕೂ ಕೊನೆಯವರೆಗೆ ಕಟ್ಟುವ ಒಟ್ಟು ಮೊತ್ತ ಬರೆಸಿಕೊಳ್ಳಿ.

ರಿಯಾಯಿತಿಯ ಜಾಗದಲ್ಲಿ ಸೀಟ್ ಕವರ್, ಪಾಲಿಶ್, ಮ್ಯಾಟ್ ಕೊಡುತ್ತೇವೆಂದರೆ, ನೀವು ಹೇಗೂ ಕೊಳ್ಳುತ್ತಿದ್ದ ವಸ್ತುವಿಗೆ ಹೊರಗಿನ ಅಂಗಡಿಯ ಬೆಲೆ ಹಾಕಿ, ಉಳಿದವಕ್ಕೆ ಸೊನ್ನೆ.

ವಿದ್ಯುತ್ ಕಾರಿನಲ್ಲಿ ಒಂದೇ ವರ್ಷದಲ್ಲಿ ಬ್ಯಾಟರಿಯ ಗಾತ್ರ, ಚಾರ್ಜಿಂಗ್ ವೇಗ ಎರಡೂ ಬದಲಾಗಬಹುದು. ಬೆಲೆಯೂ ನಿಲ್ಲುವುದಿಲ್ಲ: 2023ರ ಜನವರಿಯಲ್ಲಿ ಟೆಸ್ಲಾ ಹೊಸ ಕಾರುಗಳ ಬೆಲೆಯನ್ನು ಒಮ್ಮೆಗೇ ಇಳಿಸಿದಾಗ ಅದರ ಹಳೆಯ ಕಾರುಗಳ ಬೆಲೆಯೂ ಜತೆಗೇ ಕುಸಿಯಿತು. ಹೋದ ವರ್ಷದ ವಿದ್ಯುತ್ ಕಾರಿಗೆ ಪೆಟ್ರೋಲ್ ಕಾರಿಗಿಂತ ದೊಡ್ಡ ರಿಯಾಯಿತಿಯನ್ನೇ ಕೇಳಿ.

4. ನಿಂತ ಕಾರಿನ ತಪಾಸಣೆ

ಕಾರು ಓಡಿ ಸವೆಯುವಂತೆ ನಿಂತೂ ಕೆಡುತ್ತದೆ. ಮೊದಲು ಸೋಲುವುದು 12 ವೋಲ್ಟ್ ಬ್ಯಾಟರಿ. ಬೀಗ ಹಾಕಿದ ಕಾರಿನಲ್ಲೂ ಅಲಾರಂ, ಗಡಿಯಾರ, ರಿಮೋಟ್ ರಿಸೀವರ್ ಸೇರಿ ಸುಮಾರು 30 ಮಿಲಿಆಂಪ್ ಎಳೆಯುತ್ತವೆ ಎಂದುಕೊಂಡರೆ ದಿನಕ್ಕೆ 0.72 ಆಂಪ್-ಅವರ್. 45 ಆಂಪ್-ಅವರ್ ಬ್ಯಾಟರಿ ಎರಡು ತಿಂಗಳಲ್ಲಿ ಬರಿದು. ಬರಿದಾಗಿ ಬಿದ್ದಿದ್ದರೆ ಪ್ಲೇಟುಗಳ ಮೇಲೆ ಸಲ್ಫೇಟ್ ಹರಳುಗಟ್ಟಿ, ಮತ್ತೆ ಚಾರ್ಜ್ ಮಾಡಿದರೂ ಹಳೆಯ ಕಸುವು ಬರುವುದಿಲ್ಲ. ಡೆಲಿವರಿ ದಿನ ಸ್ಟಾರ್ಟ್ ಆಯಿತೆಂದು ನಂಬಬೇಡಿ. ಬೆಳಗ್ಗೆಯಷ್ಟೇ ಚಾರ್ಜ್ ಮಾಡಿರುತ್ತಾರೆ. ಕೆಲವು ಗಂಟೆ ಆಫ್ ಆಗಿದ್ದ ಕಾರಿನಲ್ಲಿ ಮಲ್ಟಿಮೀಟರ್ ಹಿಡಿಸಿ: 12.6 ವೋಲ್ಟ್ ಅಥವಾ ಹೆಚ್ಚಿದ್ದರೆ ತುಂಬಿದೆ, 12.4 ಎಂದರೆ ಮುಕ್ಕಾಲು, 12ರ ಆಸುಪಾಸು ಎಂದರೆ ಖಾಲಿ. ಏಳೆಂಟು ತಿಂಗಳು ನಿಂತ ಕಾರಿಗೆ ಹೊಸ ಬ್ಯಾಟರಿ ಕೇಳುವುದು ನ್ಯಾಯವೇ.

ಟೈರಿನ ಒಂದೇ ಭಾಗದ ಮೇಲೆ ತಿಂಗಳುಗಟ್ಟಲೆ ಭಾರ ಬಿದ್ದರೆ ಅಲ್ಲಿ ಚಪ್ಪಟೆಯಾಗುತ್ತದೆ. ಟೆಸ್ಟ್ ಡ್ರೈವ್ ಅದೇ ಕಾರಿನಲ್ಲಿ ಆಗಲಿ, ಪ್ರದರ್ಶನದ ಕಾರಿನಲ್ಲಿ ಬೇಡ. ಸ್ಟಿಯರಿಂಗ್ ಕಂಪನ ಹದಿನೈದು ಇಪ್ಪತ್ತು ಕಿಲೋಮೀಟರ್ ಓಡಿ ಟೈರು ಬಿಸಿಯಾದ ಮೇಲೂ ಹೋಗದಿದ್ದರೆ ಚಪ್ಪಟೆ ಶಾಶ್ವತ, ಟೈರು ಬದಲಿಸಬೇಕು. ಬ್ರೇಕ್ ಡಿಸ್ಕಿನ ಮೇಲ್ಮೈ ತುಕ್ಕು ಕೆಲವು ಬ್ರೇಕಿಗೆ ಉಜ್ಜಿ ಹೋಗುತ್ತದೆ. ಬೆರಳಿಗೆ ಗುಳಿ ತಗುಲಿದರೆ ಹೋಗುವುದಿಲ್ಲ.

ಕಣ್ಣಿಗೆ ಕಾಣದ್ದು ಬ್ರೇಕ್ ಆಯಿಲ್. ಅದು ಗಾಳಿಯ ತೇವ ಹೀರುತ್ತದೆ. ಡಾಟ್ 4 ದರ್ಜೆಯ ತಾಜಾ ದ್ರವ ಕನಿಷ್ಠ 230 ಡಿಗ್ರಿಗೆ ಕುದಿಯಬೇಕು, ನೀರು ಸೇರಿದ ಮೇಲೆ ಈ ಮಿತಿ 155ಕ್ಕೆ ಇಳಿಯುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸುವ ನಿಯಮವಿದ್ದರೆ ಎಣಿಕೆಯನ್ನು ಕಾರು ತಯಾರಾದ ತಿಂಗಳಿನಿಂದ ಶುರುಮಾಡಿ. ಎಂಜಿನ್ ಆಯಿಲ್‌ಗೂ ಅದೇ ಮಾತು: ವರ್ಷ ದಾಟಿದ್ದರೆ ಕಿಲೋಮೀಟರ್ ಸೊನ್ನೆ ಇದ್ದರೂ ಡೆಲಿವರಿಗೆ ಮೊದಲೇ ಬದಲಿಸಲಿ. ಟ್ಯಾಂಕಿನ ತಳದಲ್ಲಿ ಉಳಿದ ಎಥನಾಲ್ ಬೆರೆತ ಪೆಟ್ರೋಲೂ ತೇವ ಹೀರಿರುತ್ತದೆ; ತಾಜಾ ಪೆಟ್ರೋಲ್ ತುಂಬಿಸಿ ಹೊರಡಿ.

ಬಾನೆಟ್ ಎತ್ತಿ ವೈರಿಂಗ್ ಮೇಲೆ ಇಲಿ ಹಲ್ಲಿನ ಗುರುತು, ಏರ್ ಫಿಲ್ಟರ್ ಡಬ್ಬಿಯೊಳಗೆ ಗೂಡು ಹುಡುಕಿ. ಯಾರ್ಡಿನಲ್ಲಿ ನಿಂತ ಕಾರುಗಳಲ್ಲಿ ಇದು ಅಪರೂಪವಲ್ಲ. ಬಣ್ಣವನ್ನು ಹಗಲು ಬೆಳಕಿನಲ್ಲಿ ಓರೆಯಾಗಿ ನೋಡಿದರೆ ಹಕ್ಕಿ ಹಿಕ್ಕೆ ಕೊರೆದ ಕಲೆ, ಪುನಃ ಬಳಿದ ಭಾಗ ಎರಡೂ ತಿಳಿಯುತ್ತವೆ. ವಿದ್ಯುತ್ ಕಾರಾದರೆ ಮುಖ್ಯ ಬ್ಯಾಟರಿಯನ್ನು ಎಷ್ಟು ಚಾರ್ಜ್‌ನಲ್ಲಿ ನಿಲ್ಲಿಸಿದ್ದರು ಎಂದು ಕೇಳಿ. ಅರ್ಧದ ಸುತ್ತಮುತ್ತ ಇದ್ದರೆ ಚಿಂತೆಯಿಲ್ಲ. ಬಿಸಿಲಿನಲ್ಲಿ ಪೂರ್ತಿ ತುಂಬಿ ನಿಂತ ಲಿಥಿಯಂ ಬ್ಯಾಟರಿ ಬೇಗ ಮುಪ್ಪಾಗುತ್ತದೆ. ಬ್ಯಾಟರಿಯ ಆರೋಗ್ಯ ವರದಿಯನ್ನು ಮುದ್ರಿಸಿ ಪಡೆಯಿರಿ.

5. ಸಹಿ ಹಾಕುವ ಮುನ್ನ

ವಾರಂಟಿ ಸಾಮಾನ್ಯವಾಗಿ ಮೊದಲ ಮಾರಾಟದ ದಿನದಿಂದ ಶುರುವಾಗುತ್ತದೆ. ಆದರೆ ತಿಂಗಳ ಗುರಿ ಮುಟ್ಟಲು ಡೀಲರ್ ತನ್ನ ಹೆಸರಿಗೇ ನೋಂದಾಯಿಸಿಕೊಂಡ ಕಾರಾಗಿದ್ದರೆ ವಾರಂಟಿ ಆಗಲೇ ಓಡತೊಡಗಿರುತ್ತದೆ, ನೀವು ದಾಖಲೆಯಲ್ಲಿ ಎರಡನೇ ಮಾಲೀಕರು. ಅಂಥದ್ದಕ್ಕೆ ಹೊಸ ಕಾರಿನ ಬೆಲೆ ಸಲ್ಲದು. ಓಡೋಮೀಟರ್ ನೂರು ಕಿಲೋಮೀಟರ್ ದಾಟಿದ್ದರೆ ಟೆಸ್ಟ್ ಡ್ರೈವ್‌ಗೆ ಬಳಸಿದ್ದರೇ ಎಂದು ನೇರವಾಗಿ ಕೇಳಿ.

ಚಾಸಿ ನಂಬರ್ ಕೊಟ್ಟು ಬಾಕಿ ಇರುವ ರೀಕಾಲ್ (ದೋಷ ಸರಿಪಡಿಸಲು ಕಂಪನಿಯೇ ಕಾರನ್ನು ವಾಪಸ್ ಕರೆಯುವುದು) ಕೆಲಸಗಳನ್ನೂ ಸಾಫ್ಟ್‌ವೇರ್ ಪರಿಷ್ಕರಣೆಯನ್ನೂ ಮುಗಿಸಿಕೊಳ್ಳಿ. ನಿಂತ ಕಾರುಗಳಿಗೆ ಇವು ತಪ್ಪಿಹೋಗಿರುತ್ತವೆ. ಇನ್ವಾಯ್ಸ್‌ನಲ್ಲಿ ಚಾಸಿ ನಂಬರ್, ತಯಾರಿಕೆಯ ತಿಂಗಳು, ವಾರಂಟಿ ಆರಂಭದ ದಿನಾಂಕ, ಹೊಸ ಬ್ಯಾಟರಿ ಅಥವಾ ಟೈರಿನ ಭರವಸೆ ನಾಲ್ಕೂ ಬರಹದಲ್ಲಿರಲಿ. ಮುಂಗಡ ಕೊಟ್ಟ ಮೇಲೆ ಬೇರೆ ಚಾಸಿ ನಂಬರಿನ ಕಾರು ಬಂದರೆ, ಬಣ್ಣ ಅದೇ ಇದ್ದರೂ, ತಪಾಸಣೆಯನ್ನು ಬ್ಯಾಟರಿಯಿಂದಲೇ ಮತ್ತೆ ಶುರುಮಾಡಬೇಕು.